ಯಾರ ಕರ್ಮ, ಯಾರ ಹೊಣೆ?





ಇಂದಿನ ಚಿಂತನೆ ಎಂದಿಗಿಂತ ಸ್ವಲ್ಪ ಉದ್ದವಾಗಿದೆ. ಬೆಳಿಗ್ಗೆ ಪುರುಸೊತ್ತಿಲ್ಲದಿದ್ದರೆ ಸಂಜೆ ಓದಿ. ನಿಮ್ಮ ಬೀದಿಯಲ್ಲಿ ಅಂಗವೈಕಲ್ಯವಿರುವ ಮಗುವನ್ನು ಸಾಕುತ್ತಿರುವ ತಾಯಿ ಇದ್ದು, ಅವರಿಗೆ ಓದಲು ಬಾರದಿದ್ದರೆ, ದಯವಿಟ್ಟು ಓದಿ ಹೇಳಿ.

ಪ್ರಶ್ನೆ ಇಷ್ಟೇ. ಮಗುವೊಂದು ನಡೆಯಲಾರದೆ, ಕಿವಿ ಕೇಳದೆ, ಕಣ್ಣು ಕಾಣದೆ, ಅಥವಾ ಬುದ್ಧಿ ನಿಧಾನವಾಗಿ ಬೆಳೆಯುವ ಹಾಗೆ ಹುಟ್ಟಿದರೆ ಅದು ಯಾರು ಮಾಡಿದ ಕರ್ಮ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳ ಯಾವ ಊರಿಗೆ ಹೋದರೂ ಉತ್ತರ ಸಿದ್ಧವಾಗಿರುತ್ತದೆ. "ಅದೇನ್ ಪಾಪ ಮಾಡಿದ್ಯೋ ತಾಯಿ, ಹಿಂಗ್ ಹುಟ್ತು." "ಹೋದ ಜನ್ಮದ್ದು ಕಣವ್ವ, ಅನುಭವಿಸ್ಬೇಕು."

ನನ್ನ ಮಗನಿಗೆ ಈಗ ಹದಿನೈದು ವರ್ಷ. ಅವನಿಗೆ ಸೆರೆಬ್ರಲ್ ಪಾಲ್ಸಿ. ಎರಡೂ ಕಾಲಿನ ಸ್ನಾಯು ಬಿಗಿ, ವಾಕರ್ ಹಿಡಿದು ನಡೆಯುತ್ತಾನೆ, ಮಾತು ನಿಧಾನ. ಮೇಲಿನ ಎರಡು ಮಾತುಗಳನ್ನು ನಾನು ಬಸ್ ನಿಲ್ದಾಣದಲ್ಲಿ, ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ ಕೇಳಿದ್ದೇನೆ. ಗೋಡೆಯ ಮೇಲೆ ಬುದ್ಧರ, ಬಾಬಾಸಾಹೇಬರ ಪಟ ಇರುವ ಮನೆಗಳಲ್ಲೂ ಕೇಳಿದ್ದೇನೆ. ಇಂದಿನ ಮಾತು ಆ ಮನೆಗಳಿಗೆ, ಅಂದರೆ ನಮಗೆ.

ಕನ್ನಡ ಪಾಠ ಮಾಡುವವಳಾದ್ದರಿಂದ ಪದದಿಂದಲೇ ಶುರುಮಾಡುತ್ತೇನೆ. ಪಾಲಿಯಲ್ಲಿ ಕಮ್ಮ, ಸಂಸ್ಕೃತದಲ್ಲಿ ಕರ್ಮ. ಎರಡಕ್ಕೂ ಮೂಲದಲ್ಲಿ ಮಾಡುವ ಕೆಲಸ ಎಂದೇ ಅರ್ಥ. ಬುದ್ಧರು ಅದನ್ನು ಇನ್ನೂ ಖಚಿತಗೊಳಿಸಿ, ಮನಸ್ಸಿನಲ್ಲಿ ಉದ್ದೇಶವಿಟ್ಟು ಮಾಡಿದ್ದನ್ನು ಕಮ್ಮ ಎಂದರು. ಈಗ ನಾನು ಏನು ಮಾಡಲಿ ಎಂದು ಕೇಳುವವರಿಗೆ ಬೇಕಾದ ಪದ ಅದು. ನಮ್ಮ ಆಡುಮಾತಿಗೆ ಬರುವ ಹೊತ್ತಿಗೆ ಅರ್ಥ ತಿರುಗಿಬಿಟ್ಟಿದೆ. "ಎಲ್ಲಾ ನನ್ನ ಕರ್ಮ" ಎಂದು ಹಣೆ ಚಚ್ಚಿಕೊಂಡರೆ ಇನ್ನು ಮಾಡುವುದೇನೂ ಉಳಿದಿಲ್ಲ ಎಂದರ್ಥ. ಕೆಲಸದ ಹೆಸರೇ ಕೈಕಟ್ಟಿ ಕೂರುವುದರ ಹೆಸರಾಯಿತು.

ನಮ್ಮ ಅಜ್ಜ ಅಜ್ಜಿಯರಿಗೂ ಇದೇ ಉತ್ತರ ಕೊಟ್ಟಿದ್ದರು. ಹೊಲಗೇರಿಯಲ್ಲಿ ಯಾಕೆ ಹುಟ್ಟಿದೆ? ಹೋದ ಜನ್ಮದ ಪಾಪ. ಬಾವಿ ನೀರು ಯಾಕೆ ಮುಟ್ಟಬಾರದು? ಹೋದ ಜನ್ಮದ ಪಾಪ. ಈ ಜನ್ಮದಲ್ಲಿ ತಲೆ ತಗ್ಗಿಸಿ ದುಡಿ, ಮುಂದಿನ ಜನ್ಮದಲ್ಲಿ ಮೇಲೆ ಹುಟ್ಟುತ್ತೀಯ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಹೊರನಡೆದಾಗ ಈ ಲೆಕ್ಕದ ಪುಸ್ತಕವನ್ನೂ ಅಲ್ಲೇ ಬಿಟ್ಟು ಬಂದರು. ಅವರು ತೀರಿಕೊಂಡ ಮೇಲೆ, 1957ರಲ್ಲಿ ಪ್ರಕಟವಾದ "ಬುದ್ಧ ಮತ್ತು ಆತನ ಧಮ್ಮ" ಗ್ರಂಥದ ಪೀಠಿಕೆಯಲ್ಲೇ ಈ ಪ್ರಶ್ನೆ ಇದೆ: ಆತ್ಮವೇ ಇಲ್ಲ ಎಂದ ಬುದ್ಧರು ಕರ್ಮವನ್ನೂ ಪುನರ್ಜನ್ಮವನ್ನೂ ಹೇಳಿದ್ದು ಯಾವ ಅರ್ಥದಲ್ಲಿ? ಗ್ರಂಥದ ನಾಲ್ಕನೇ ಭಾಗದಲ್ಲಿ ಅವರು ಇನ್ನೂ ಮುಂದೆ ಹೋಗಿ, ಹಿಂದಿನ ಜನ್ಮದ ಕರ್ಮ ಎಂಬ ಸಿದ್ಧಾಂತದಿಂದ ಯಾರಿಗೆ ಪ್ರಯೋಜನ ಎಂದು ವಿಚಾರಿಸುತ್ತಾರೆ. ಬಡವರ, ಕೆಳಗೆ ತಳ್ಳಲ್ಪಟ್ಟವರ ಸ್ಥಿತಿಗೆ ತಾವು ಹೊಣೆಯಲ್ಲ ಎಂದು ಸರ್ಕಾರವೂ ಸಮಾಜವೂ ಜಾರಿಕೊಳ್ಳಲು ಬಿಟ್ಟರೆ ಇದಕ್ಕೆ ಬೇರೆ ಉಪಯೋಗ ಕಾಣುವುದಿಲ್ಲ ಎಂಬುದು ಅವರ ತೀರ್ಮಾನ.

ಹಾಗಾದರೆ ಬಂಧುಗಳೇ, ಹುಟ್ಟಿದ ಕೇರಿಗೆ ಹೋದ ಜನ್ಮ ಕಾರಣವಲ್ಲ ಎಂದು ಒಪ್ಪಿದ ನಾವು, ಹುಟ್ಟಿದ ಮಗುವಿನ ಕಾಲಿಗೆ ಹೋದ ಜನ್ಮ ಕಾರಣ ಎಂದು ಹೇಗೆ ಹೇಳುತ್ತೇವೆ? ನಮಗೊಂದು ತಕ್ಕಡಿ, ಆ ಮಗುವಿಗೊಂದು ತಕ್ಕಡಿ ಇರಲು ಸಾಧ್ಯವಿಲ್ಲ. ಕೋಟೆ ತಾಲ್ಲೂಕಿನ ಒಬ್ಬ ತಾಯಿ ಹೊಂಗೆ ಮರದ ಕೆಳಗೆ ಮಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿರುವಾಗ ನಾವು "ಕರ್ಮ" ಎಂದರೆ, ನಮ್ಮ ಅಜ್ಜಿಗೆ ಅವತ್ತು ಹೇಳಿದವರ ಸಾಲಿಗೆ ನಾವೇ ಹೋಗಿ ನಿಂತ ಹಾಗೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಓದಿಕೊಂಡವರು ಕೇಳುತ್ತಾರೆ: ಧಮ್ಮಪದದ ಮೊದಲ ಗಾಥೆಯ ಹಿನ್ನೆಲೆಯಲ್ಲಿ ಚಕ್ಖುಪಾಲ ಥೇರರ ಕಥೆ ಬರುತ್ತದಲ್ಲ, ಹಿಂದಿನ ಜನ್ಮದಲ್ಲಿ ವೈದ್ಯನಾಗಿ ಒಬ್ಬಳ ಕಣ್ಣು ಕೆಡಿಸಿದ್ದಕ್ಕೆ ಈ ಜನ್ಮದಲ್ಲಿ ಕುರುಡಾದರು ಅಂತ? ಹೌದು, ಬರುತ್ತದೆ. ಅದು ಗಾಥೆಯಲ್ಲಿಲ್ಲ, ಅಟ್ಠಕಥೆಯಲ್ಲಿದೆ. ಆ ವ್ಯಾಖ್ಯಾನ ಈಗಿನ ರೂಪಕ್ಕೆ ಬಂದದ್ದು ಕ್ರಿ.ಶ. 5ನೇ ಶತಮಾನದ ಸುಮಾರಿಗೆ, ಬುದ್ಧರಾದ ಮೇಲೆ ಎಷ್ಟೋ ನೂರು ವರ್ಷ ಕಳೆದು. ಇದರ ಪಕ್ಕದಲ್ಲಿ ಸಂಯುತ್ತ ನಿಕಾಯದ ಸೀವಕ ಸುತ್ತವನ್ನು ಇಟ್ಟು ನೋಡಿ. ಮೋಳಿಯ ಸೀವಕ ಎಂಬ ಪರಿವ್ರಾಜಕ ಬಂದು, ಮನುಷ್ಯನಿಗೆ ಬರುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ತಾವೇನು ಹೇಳುತ್ತೀರಿ ಎಂದು ಕೇಳುತ್ತಾನೆ. ಬುದ್ಧರು ಎಂಟು ಕಾರಣ ಎಣಿಸುತ್ತಾರೆ. ಪಿತ್ತ, ಕಫ, ವಾತ, ಮೂರೂ ಕೂಡಿದ್ದು, ಋತು ಬದಲಾವಣೆ, ದೇಹದ ಆರೈಕೆಯಲ್ಲಿ ಏರುಪೇರು, ಹೊರಗಿನ ಪೆಟ್ಟು, ಎಂಟನೆಯದಾಗಿ ಕರ್ಮ. ಎಲ್ಲವೂ ಹಿಂದೆ ಮಾಡಿದ್ದರ ಫಲ ಎನ್ನುವವರು ತಾವೇ ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಾರೆ ಎನ್ನುತ್ತಾರೆ. ಆ ಕಾಲದ ವೈದ್ಯ ತಿಳಿದಿದ್ದ ಕಾರಣಗಳನ್ನೆಲ್ಲ ಅವರು ಪಟ್ಟಿಯಲ್ಲಿ ಸೇರಿಸಿದರು. ಈಗ ಇದ್ದಿದ್ದರೆ ನಮ್ಮ ಕಾಲದ ವೈದ್ಯ ತಿಳಿದಿರುವುದನ್ನೂ ಸೇರಿಸುತ್ತಿದ್ದರು ಎಂದು ನನ್ನ ನಂಬಿಕೆ.

ನಮ್ಮ ಕಾಲ ತಿಳಿದಿರುವುದು ಇದು. ಹುಟ್ಟಿದ ಕೂಡಲೇ ಅಳದ ಮಗುವಿನ ಮಿದುಳಿಗೆ ಆಮ್ಲಜನಕ ಸಾಲದೆ ಹೋಗಬಹುದು. ತಿಂಗಳು ತುಂಬದೆ ಹುಟ್ಟಿದರೆ, ಹುಟ್ಟಿದ ದಿನಗಳಲ್ಲಿ ಕಾಮಾಲೆ ವಿಪರೀತ ಏರಿ ಚಿಕಿತ್ಸೆ ತಡವಾದರೆ ಮಿದುಳಿಗೆ ಪೆಟ್ಟು ಬೀಳಬಹುದು. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದರೆ ಮಗುವಿನ ಕಿವಿ, ಕಣ್ಣು, ಹೃದಯಕ್ಕೆ ಅಪಾಯ. 2017ರ ಫೆಬ್ರವರಿಯಲ್ಲಿ ನಮ್ಮ ಶಾಲೆಗಳಲ್ಲಿ ದಡಾರ ರುಬೆಲ್ಲಾ ಲಸಿಕೆ ಹಾಕಿಸಿದ್ದು ಅದಕ್ಕಾಗಿಯೇ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ತರುವ ಮದುವೆಗಳಲ್ಲಿ ಕೆಲವು ಅನುವಂಶೀಯ ತೊಂದರೆಗಳ ಸಂಭವ ಹೆಚ್ಚು. ಎಷ್ಟೋ ಸಲ ಕಾರಣ ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ. ಅದೂ ಒಂದು ಪ್ರಾಮಾಣಿಕ ಉತ್ತರವೇ.

ಕಾರಣ ಹುಡುಕುವುದಕ್ಕೂ ಕರ್ಮ ಎನ್ನುವುದಕ್ಕೂ ನಡುವೆ ಮಗುವಿನ ಆಯುಷ್ಯವೇ ನಿಂತಿದೆ. ಕಿವಿ ಕೇಳದ ಮಗುವಿಗೆ ಮಾತು ಕಲಿಸಲು ಮೊದಲ ಕೆಲವು ವರ್ಷ ಬಹಳ ಮುಖ್ಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಬೇರೆ ಬೇರೆ ರಾಜ್ಯಗಳಿಂದ ಜನ ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ನಮ್ಮ ತಾಲ್ಲೂಕುಗಳಿಂದ ಅದು ಒಂದೆರಡು ಗಂಟೆಯ ಬಸ್ ದಾರಿ. ಆದರೂ ತಡೆ ಒಡೆಸಿ, ಹರಕೆ ಕಟ್ಟಿ, ದೇವರು ಕೇಳಿಸಿ ಮೂರು ನಾಲ್ಕು ವರ್ಷ ಕಳೆದ ಮೇಲೆ ಅಲ್ಲಿಗೆ ಹೋಗುವವರಿದ್ದಾರೆ. ಕರ್ಮವೆಂಬ ಮಾತಿಗೆ ತೆತ್ತ ಬೆಲೆ ಆ ಮೂರು ನಾಲ್ಕು ವರ್ಷ. ತೆತ್ತದ್ದು ಮಗು.

ಕಾರಣ ಹುಡುಕುವಾಗಲೂ ಎಚ್ಚರ ಬೇಕು. ಗ್ರಹಣದ ದಿನ ಹೊರಗೆ ಹೋದೆ, ಆ ಹಣ್ಣು ತಿಂದೆ, ಏಳು ತಿಂಗಳಾದರೂ ಹೊಗೆಸೊಪ್ಪಿನ ಕೆಲಸಕ್ಕೆ ಹೋದೆ ಎಂದು ಬೆರಳು ಕೊನೆಗೆ ತಾಯಿಯ ಕಡೆಗೇ ತಿರುಗುತ್ತದೆ. ಕೆಲಸಕ್ಕೆ ಹೋಗದಿದ್ದರೆ ಒಲೆ ಉರಿಯುತ್ತಿರಲಿಲ್ಲ ಎಂಬ ಕಾರಣವನ್ನು ಯಾರೂ ಬರೆದುಕೊಳ್ಳುವುದಿಲ್ಲ. ಬುದ್ಧರು ಎರಡು ಬಾಣದ ಉಪಮೆ ಹೇಳಿದ್ದಾರೆ. ಮೈಗೆ ತಗುಲುವ ನೋವು ಮೊದಲ ಬಾಣ. ಅದರ ಮೇಲೆ ಮನಸ್ಸು ಸಂಕಟಪಟ್ಟು ತಾನೇ ಹೊಡೆದುಕೊಳ್ಳುವುದು ಎರಡನೆಯದು. ಈ ತಾಯಂದಿರ ವಿಷಯದಲ್ಲಿ ಎರಡನೇ ಬಾಣ ಬಿಡುವವರು ಹೆಚ್ಚಾಗಿ ನೆಂಟರು ಮತ್ತು ನೆರೆಹೊರೆಯವರು. ಅದನ್ನು ನಿಲ್ಲಿಸಲು ಧ್ಯಾನ ಬೇಕಿಲ್ಲ, ಬಾಯಿ ಮುಚ್ಚಿದರೆ ಸಾಕು.

ಕರ್ಮ ಎನ್ನದವರು ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. "ಇದು ದೇವರ ಮಗು, ನಿಮ್ಮನ್ನು ಆರಿಸಿ ಕೊಟ್ಟಿದ್ದಾನೆ" ಎನ್ನುತ್ತಾರೆ. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ಆಕಾಶವಾಣಿಯ ತಮ್ಮ ಮಾತಿನಲ್ಲಿ "ದಿವ್ಯಾಂಗ" ಎಂಬ ಪದ ಬಳಸಲು ಹೇಳಿದರು. ಅಂಗವೈಕಲ್ಯವಿರುವವರ ಹಲವು ಸಂಘಟನೆಗಳು ಬೇಡವೆಂದವು. ಅವರ ಅಸಮಾಧಾನ ನಮಗೆ ಬೇಗ ಅರ್ಥವಾಗಬೇಕು. ನಮಗೂ ಒಬ್ಬರು ದೇವರ ಮಕ್ಕಳು ಎಂದು ಹೆಸರಿಟ್ಟಿದ್ದರು. 1938ರಲ್ಲಿ ಮುಂಬೈ ಶಾಸನಸಭೆಯಲ್ಲಿ "ಹರಿಜನ" ಎಂಬ ಪದವನ್ನು ಕಾನೂನಿಗೆ ಸೇರಿಸಹೊರಟಾಗ ಬಾಬಾಸಾಹೇಬರು ತಮ್ಮ ಪಕ್ಷದವರೊಂದಿಗೆ ಸಭೆಯಿಂದ ಹೊರನಡೆದರು. ಸಿಹಿ ಹೆಸರು ಕೊಟ್ಟು ಬಾವಿ ನೀರು ಕೊಡದಿದ್ದರೆ ಏನು ಬಂತು? ಹಾಗೆಯೇ, ದಿವ್ಯವಾದ ಅಂಗ ಎಂದು ಹೇಳಿ ಪಂಚಾಯ್ತಿ ಕಚೇರಿಗೆ ಮೂರು ಮೆಟ್ಟಿಲು ಇಟ್ಟು ಇಳಿಜಾರು ಕಟ್ಟದಿದ್ದರೆ ನನ್ನ ಮಗ ಹೊರಗೇ ನಿಲ್ಲುತ್ತಾನೆ. ಸರ್ಕಾರದ ಕಾಗದದಲ್ಲಿರುವ "ವಿಕಲಚೇತನ" ಎಂಬ ಪದವೂ ನನಗೆ ಒಗ್ಗುವುದಿಲ್ಲ. ವಿಕಲವಾಗಿರುವುದು ಕಾಲು, ಚೇತನ ಯಾಕೆ ವಿಕಲವಾಗಬೇಕು? ಅವನಿಗೆ ಒಂದು ಹೆಸರಿದೆ. ಆ ಹೆಸರು ಹಿಡಿದು ಕರೆದರೆ ಓಗೊಡುತ್ತಾನೆ.

ಕಾನೂನಿನಲ್ಲೂ ನಮಗೂ ಈ ಮಕ್ಕಳಿಗೂ ಒಂದು ನೆಂಟಸ್ತಿಕೆ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಪರಿಶಿಷ್ಟರನ್ನು ಸಾರ್ವಜನಿಕರಿಗೆ ಕಾಣುವ ಸ್ಥಳದಲ್ಲಿ ಅವಮಾನಿಸುವ ಉದ್ದೇಶದಿಂದ ನಿಂದಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇದೆ. 2016ರ ಅಂಗವೈಕಲ್ಯ ಹಕ್ಕುಗಳ ಕಾಯ್ದೆಯ 92ನೇ ಕಲಮಿನಲ್ಲಿ ಬಹುತೇಕ ಅದೇ ಮಾತುಗಳಿವೆ, ಅದೇ ಆರು ತಿಂಗಳಿಂದ ಐದು ವರ್ಷ. ಜಾತಿ ಹೆಸರು ಹಿಡಿದು ಬೈದರೆ ನಾವು ಠಾಣೆಗೆ ಹೋಗುತ್ತೇವೆ. "ಕುಂಟನಿಗೆ ಎಂಟು ಚೇಷ್ಟೆ" ಎಂದು ಅದೇ ನಾವು ನಗುತ್ತೇವೆ. ಗಾದೆ ಹಳೆಯದು ಎಂಬುದು ಸಬೂಬಾಗದು. ಜಾತಿಯ ಬೈಗುಳಗಳೂ ಹಳೆಯವೇ.

ಇನ್ನು ಕಷ್ಟಕಾಲದ ಮಾತು. 2020ರ ಮಾರ್ಚಿನಲ್ಲಿ ಬಸ್ಸುಗಳು ನಿಂತವು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು, ಹತ್ತೊಂಬತ್ತು ತಿಂಗಳು ಕಳೆದ ಮೇಲೆ. ಚಂದನ ವಾಹಿನಿಯಲ್ಲಿ ಪಾಠ ಬಂತು. ಕಿವಿ ಕೇಳದ ಮಗುವಿಗೆ ಅದು ಬರೀ ಚಿತ್ರ. ಎಲ್ಲರೂ ಮಾಸ್ಕ್ ಹಾಕಿದ ಮೇಲೆ ತುಟಿ ನೋಡಿ ತಿಳಿಯುವ ಮಕ್ಕಳಿಗೆ ಊರೇ ಮೌನವಾಯಿತು. ದಿನಚರಿ ತಪ್ಪಿದರೆ ತಳಮಳಿಸುವ ಆಟಿಸಂ ಇರುವ ಮಕ್ಕಳು ಒಂದೇ ಕೋಣೆಯಲ್ಲಿ ಗೋಡೆಗೆ ತಲೆ ಬಡಿದುಕೊಂಡರು.

ನನ್ನ ಮಗನ ಫಿಸಿಯೋಥೆರಪಿ ನಿಂತಿತು. ಸ್ನಾಯು ದಿನ ದಿನಕ್ಕೆ ಬಿಗಿಯಾಗತೊಡಗಿತು. ವಿಡಿಯೊ ಕರೆಯಲ್ಲಿ ತೋರಿಸಿಕೊಟ್ಟ ವ್ಯಾಯಾಮವನ್ನು ನಾನೂ ಅವನ ಅಪ್ಪನೂ ಸರದಿಯಲ್ಲಿ ಮಾಡಿಸಿದೆವು. ಮೂರನೇ ತಿಂಗಳಿಗೆ ಕೈ ಸೋತಿತು, ಮಾತು ಒರಟಾಯಿತು. ಆಗ ಪಕ್ಕದ ಮನೆಯ ಅಜ್ಜಿ, ಧಮ್ಮ ಎಂಬ ಪದವನ್ನೇ ಕೇಳದವರು, ದಿನಾ ಮಧ್ಯಾಹ್ನ ಬಂದು ಒಂದು ಗಂಟೆ ಅವನ ಜೊತೆ ಕೂರುತ್ತಿದ್ದರು. ಅವರೆಕಾಯಿ ಸುಲಿಯುತ್ತಾ ಕಥೆ ಹೇಳುತ್ತಿದ್ದರು, ಅವನಿಗೂ ಒಂದು ಹಿಡಿ ಕೊಟ್ಟು ಸುಲಿಸುತ್ತಿದ್ದರು. ಆ ಒಂದು ಗಂಟೆ ನಾನು ನಿದ್ದೆ ಮಾಡುತ್ತಿದ್ದೆ. ಕರುಣೆ ಎಂದರೇನು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ನಿದ್ದೆ.

ನನಗಾದರೂ ತಿಂಗಳಾದರೆ ಸಂಬಳ ಬರುತ್ತದೆ. ಕೂಲಿ ಮನೆಗಳಿಗೆ ಪ್ರತಿ ವರ್ಷವೂ ಲಾಕ್‌ಡೌನ್ ಇದೆ. ಹೊಗೆಸೊಪ್ಪಿನ ಹಂಗಾಮಿನಲ್ಲಿ ಹಗಲು ಸೊಪ್ಪು ಮುರಿದು ಕಟ್ಟುವುದು, ರಾತ್ರಿ ಬ್ಯಾರನ್ ಬೆಂಕಿ ಕಾಯುವುದು. ಅದು ಮುಗಿದರೆ ಕೊಡಗಿನ ಕಾಫಿ ಕೊಯ್ಲಿಗೆ ಜೀಪು ಹತ್ತುವುದು. ತಾನೇ ಎದ್ದು ಓಡಾಡಲಾರದ ಮಗುವನ್ನು ಎಲ್ಲಿ ಬಿಡುವುದು? ಬಾಗಿಲು ಹಾಕಿಕೊಂಡು ಹೋಗುವ ತಾಯಿಯನ್ನು ಕಟುಕಿ ಎನ್ನುವುದು ಸುಲಭ. ಆ ಬೀದಿಯ ಉಳಿದ ಇಪ್ಪತ್ತು ಮನೆಗಳು ಏನು ಮಾಡುತ್ತಿದ್ದವು ಎಂದೂ ಕೇಳಬೇಕಲ್ಲ.

ವಿನಯ ಪಿಟಕದ ಮಹಾವಗ್ಗದಲ್ಲಿ ಇದಕ್ಕೊಂದು ಪ್ರಸಂಗವಿದೆ. ಅತಿಸಾರವಾದ ಒಬ್ಬ ಭಿಕ್ಖು ತನ್ನ ಹೊಲಸಿನಲ್ಲೇ ಬಿದ್ದಿದ್ದ. ಬುದ್ಧರು ಆನಂದನೊಂದಿಗೆ ಬಂದು ನೋಡಿದರು. ಯಾಕೆ ಯಾರೂ ನೋಡಿಕೊಳ್ಳುತ್ತಿಲ್ಲ ಎಂದು ಕೇಳಿದಾಗ, ತನ್ನಿಂದ ಭಿಕ್ಖುಗಳಿಗೆ ಏನೂ ಉಪಯೋಗವಿಲ್ಲ, ಅದಕ್ಕೇ ನೋಡಿಕೊಳ್ಳುವುದಿಲ್ಲ ಎಂದು ರೋಗಿಯೇ ಹೇಳಿದ. ಬುದ್ಧರು ನೀರು ಹೊಯ್ದರು, ಆನಂದ ಮೈ ತೊಳೆದ, ಒಬ್ಬರು ತಲೆ ಕಡೆ ಇನ್ನೊಬ್ಬರು ಕಾಲ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಸೇರಿಸಿ, ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂಬ ಅರ್ಥದ ಮಾತು ಹೇಳಿದರು. ಅಷ್ಟಕ್ಕೆ ನಿಲ್ಲಿಸಲಿಲ್ಲ. ಉಪಾಧ್ಯಾಯ ನೋಡಿಕೊಳ್ಳಬೇಕು, ಆಚಾರ್ಯ ನೋಡಿಕೊಳ್ಳಬೇಕು, ಶಿಷ್ಯ ನೋಡಿಕೊಳ್ಳಬೇಕು, ಇವರು ಯಾರೂ ಇಲ್ಲದಿದ್ದರೆ ಇಡೀ ಸಂಘ ನೋಡಿಕೊಳ್ಳಬೇಕು, ನೋಡಿಕೊಳ್ಳದಿದ್ದರೆ ಅದು ದೋಷ ಎಂದು ನಿಯಮ ಮಾಡಿದರು. ಗಮನಿಸಿ, ಈ ಭಿಕ್ಖು ಯಾವ ಜನ್ಮದಲ್ಲಿ ಏನು ಮಾಡಿದ್ದ ಎಂಬ ವಿಚಾರಣೆ ಇಲ್ಲಿಲ್ಲ. ಯಾರ ಕರ್ಮ ಎಂಬ ಪ್ರಶ್ನೆಯ ಜಾಗದಲ್ಲಿ ಯಾರ ಸರದಿ ಎಂಬ ಪ್ರಶ್ನೆ ಇದೆ.

ಶಿಕ್ಷಕಿಯಾಗಿ ನನಗೆ ಇನ್ನೊಂದು ಕಥೆ ಹತ್ತಿರ. ಚೂಳಪಂಥಕ ನಾಲ್ಕು ತಿಂಗಳಾದರೂ ಒಂದು ಗಾಥೆ ಬಾಯಿಪಾಠ ಮಾಡಲಾಗದೆ ಒದ್ದಾಡಿದ. ಸ್ವಂತ ಅಣ್ಣನೇ ವಿಹಾರದಿಂದ ಹೊರಗೆ ಹೋಗು ಎಂದ. ಬುದ್ಧರು ಅವನ ಕೈಗೆ ಒಂದು ಬಿಳಿ ಬಟ್ಟೆ ಕೊಟ್ಟು, ಉಜ್ಜುತ್ತಾ ಕೂರು ಎಂದರು. ಬಟ್ಟೆ ಕೊಳೆಯಾಗುವುದನ್ನು ನೋಡುತ್ತಲೇ ಅವನಿಗೆ ಅನಿತ್ಯ ಅರ್ಥವಾಯಿತು. ಗಾಥೆ ಬಾರದ ಕೈಗೆ ಬಟ್ಟೆ ಸಿಕ್ಕಿತು. ತರಗತಿಯಲ್ಲಿ ಹಿಂದೆ ಬಿದ್ದ ಮಗುವಿಗೆ ನಮ್ಮ ಪಾಠ ಬದಲಾಗಬಹುದು, ಪರೀಕ್ಷೆ ಬದಲಾಗಬಹುದು. ಎಲ್ಲ ಮಕ್ಕಳೂ ಚೂಳಪಂಥಕರಂತೆ ಅರಹಂತರಾಗಬೇಕಿಲ್ಲ. ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುವುದನ್ನು ಒಂದು ವರ್ಷ ಕಲಿತ ಮಗುವಿನ ತಾಯಿಗೆ ಆ ಗುಂಡಿ ರ‍್ಯಾಂಕಿಗಿಂತ ಕಡಿಮೆಯಲ್ಲ.

ನಮ್ಮ ನಂತರ ಯಾರು? ಈ ಪ್ರಶ್ನೆ ಪ್ರತಿ ತಾಯಿತಂದೆಯನ್ನು ರಾತ್ರಿ ಎಬ್ಬಿಸುತ್ತದೆ. ಮಗು ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಎನ್ನುತ್ತೇವೆ. ನಾಗಪುರದ ದೀಕ್ಷಾ ವೇದಿಕೆಯನ್ನು ನೆನೆಯಿರಿ. ಅಂದು ಬಾಬಾಸಾಹೇಬರಿಗೆ ಸಕ್ಕರೆ ಕಾಯಿಲೆ, ಕಾಲುಗಳಲ್ಲಿ ಶಕ್ತಿಯಿಲ್ಲ. ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯನ್ನು ನಾನಕ್‌ಚಂದ್ ರತ್ತು ಅವರ ಹೆಗಲ ಮೇಲಿಟ್ಟು ಅವರು ನಿಂತರು. ಎರಡು ತಿಂಗಳು ತುಂಬುವ ಮೊದಲೇ ತೀರಿಕೊಂಡರು. ನಮಗೆ ಸ್ವಾಭಿಮಾನ ಕಲಿಸಿದ ಮನುಷ್ಯ ಆ ದಿನ ನಿಂತದ್ದು ಇನ್ನೊಬ್ಬರ ಹೆಗಲಿನ ಆಧಾರದಲ್ಲಿ. ಅದರಿಂದ ಅವರ ಎತ್ತರ ಕಡಿಮೆಯಾಗಲಿಲ್ಲ. ನನ್ನ ಮಗನಿಗೂ ಒಂದು ಹೆಗಲು ಬೇಕಾಗುತ್ತದೆ. ಆ ಹೆಗಲು ಯಾವಾಗಲೂ ಅಮ್ಮನದೇ ಆಗಿರಲು ಸಾಧ್ಯವಿಲ್ಲ.

ಆದ್ದರಿಂದ ನಮ್ಮ ಬಳಗಕ್ಕೆ ಕೆಲವು ಕೆಲಸ ಸೂಚಿಸುತ್ತೇನೆ.

ನಿಮ್ಮ ಊರಿನಲ್ಲಿ ಇಂಥ ಮಗುವಿರುವ ಮನೆಗೆ ಹೋಗಿ ಯುಡಿಐಡಿ ಕಾರ್ಡ್ ಇದೆಯೇ ಕೇಳಿ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸುತ್ತದೆ. ಹೆಚ್ಚಿನ ಸವಲತ್ತುಗಳಿಗೆ ಶೇಕಡ 40 ಎಂಬ ಪ್ರಮಾಣಪತ್ರ ಬೇಕು. ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಭೇಟಿ ಮಾಡಿಸಿ. ಅಂಗವೈಕಲ್ಯದ ಪ್ರಮಾಣ ಇಷ್ಟಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಶಾಲೆಗೆ ಬರಲಾರದ ಮಗುವಿಗೆ ಸಮಗ್ರ ಶಿಕ್ಷಣ ಯೋಜನೆಯ ಬಿ.ಐ.ಇ.ಆರ್.ಟಿ. ಶಿಕ್ಷಕರ ಮೂಲಕ ಗೃಹಾಧಾರಿತ ಶಿಕ್ಷಣವಿದೆ, ಬಿ.ಇ.ಒ. ಕಚೇರಿಯಲ್ಲಿ ಕೇಳಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವವರಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸಲು, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಸಮಿತಿ ಇದೆ. ನಮ್ಮ ನಂತರ ಯಾರು ಎಂಬ ಪ್ರಶ್ನೆಯ ಒಂದು ಭಾಗಕ್ಕಾದರೂ ಅಲ್ಲಿ ಉತ್ತರವಿದೆ.

ಅರ್ಜಿ ಬರೆಯಲು ಬಾರದಿದ್ದರೂ ಚಿಂತೆಯಿಲ್ಲ. ವಾರಕ್ಕೆ ಒಂದು ಗಂಟೆ ಹೋಗಿ ಆ ಮಗುವಿನ ಜೊತೆ ಕೂರಿ. ತಾಯಿ ಮಲಗಲಿ, ಅಥವಾ ತಲೆ ಬಾಚಿಕೊಳ್ಳಲಿ, ಅಥವಾ ಸುಮ್ಮನೆ ಜಗುಲಿಯ ಮೇಲೆ ಕೂರಲಿ. ಉಪದೇಶ ಬೇಡ.

ತಾಯಂದಿರಿಗೆ, ತಂದೆಯರಿಗೆ ಒಂದು ಮಾತು. ಮೈತ್ರಿ ಭಾವನೆಯನ್ನು ತಮ್ಮಿಂದಲೇ ಶುರುಮಾಡಬೇಕೆಂದು ನಮಗೆ ಕಲಿಸಿದ್ದಾರೆ. ನೀವು ದಣಿದಿದ್ದೀರಿ ಎಂದು ಬಾಯಿಬಿಟ್ಟು ಹೇಳಿದರೆ ಮಗುವಿನ ಮೇಲಿನ ಪ್ರೀತಿ ಕಡಿಮೆಯಾಗುವುದಿಲ್ಲ. ಸಹಾಯ ಕೇಳಿ. ಕೇಳಿದವರು ಬರದಿದ್ದರೆ ಮತ್ತೆ ಕೇಳಿ.

ಬರುವ ಭಾನುವಾರ ಬುದ್ಧ ವಂದನೆಗೆ ಈ ಮಕ್ಕಳನ್ನೂ ಕರೆದುಕೊಂಡು ಬನ್ನಿ. ವಾಕರ್ ತರಬೇಕಾದವರು, ಗಾಲಿಕುರ್ಚಿ ತರಬೇಕಾದವರು ಮೊದಲೇ ಗುಂಪಿನಲ್ಲಿ ತಿಳಿಸಿದರೆ ಹೊಸಿಲಿಗೆ ಹಲಗೆ ಹಾಕಿಸುತ್ತೇವೆ. ಧ್ಯಾನದ ನಡುವೆ ಮಗು ಕೂಗಿದರೆ ಕೂಗಲಿ. ಯಾರೂ ತಿರುಗಿ ನೋಡುವುದು ಬೇಡ.

ಜೈ ಭೀಮ್. ನಮೋ ಬುದ್ಧಾಯ.